ಕಾಸಿಂಸಾಬನ ಕೈ ಅಳತಿಯ ಬಾಸ್

ಮುದ್ದೇಬಿಹಾಳ
೪ ಆಗಸ್ಟ್ ೨೦೨೪

ಸುಜಾತಾ,

ಕೈಯಾಗ ಫೋನ ಇಟಕೊಂಡು ಕಾಗದ ಬರಿಯಾಕತ್ತಾಳ, ಗುಲನಾಜಗ ತಲಿ ಕೆಟ್ಟೈತಿ ಅಂತ ನಗಬ್ಯಾಡ. ಸಾಲಿಯಿಂದ ಮನಿಗೆ ಹೋದ ಕೂಡಲೆ ನನ್ನ ಫೋನ ಅಪ್ಪನ ಕೈಗೆ ಹೋಗ್ತೈತಿ. ಹಳೇ ಬ್ಯಾಂಡಿನ ವಿಡಿಯೋ ಹಚ್ಚಿಕೊಂಡು ಕುಂಡ್ರತಾನ. ನಿನ್ನ ಮೆಸೇಜ ಬಂದ್ರ ನನಗಿಂತ ಮೊದಲ ಅಂವ ಓದ್ತಾನ. ಮಾತಾಡೋಣಂದ್ರ ಗ್ವಾಡಿ ಆಚೆ ಕುಂತು ಕೇಳ್ತಾನ. ಅಂವನ ಎದಿ ಸೋತೈತಿ, ಕಿವಿ ಸೋತಿಲ್ಲ. ಈ ವಿಷಯ ಅಂವಗ ಈಗ ಗೊತ್ತಾಗಬಾರದು. ಅದಕ್ಕ ನೀನೂ ಕಾಗದನ ಬರಿ, ಸಾಲಿ ವಿಳಾಸಕ್ಕ ಹಾಕು. ಹಾಸ್ಟೇಲಿನ್ಯಾಗ ಒಂದ ಖೋಲಿಯೊಳಗ ಇದ್ದಾಗೂ ನಾವು ಚೀಟಿ ಬರದು ಜಗಳಾಡಿದವರು, ರೂಢಿ ಐತಲ್ಲ.

ವಿಷಯ ಏನಂದ್ರ, ಹ್ವಾದ ಚಳಿಗಾಲದಾಗ ಅಪ್ಪಗ ನ್ಯುಮೋನಿಯಾ ಆಗಿದ್ದು ನಿನಗ ಗೊತ್ತು. ವಿಜಯಪುರದ ಡಾಕ್ಟರು ಜೀವ ಉಳಿಸಿ ಕಳಿಸಿದ್ರು, ಆದ್ರ ಇನ್ನ ಮುಂದ ಊದಂಗಿಲ್ಲ ಅಂದ್ರು. ಹೊಟ್ಟಿಗೆ ಅಪ್ಪಿಕೊಂಡು ಊದೂ ಆ ದೊಡ್ಡ ಪಿತ್ತಾಳಿ ವಾಜಾ, ಇಡೀ ಬ್ಯಾಂಡಿಗೆ ತಳದ ದನಿ ಕೊಡೂದು, ಅದನ್ನ ಬಿಟ್ಟು ಅಂವಗ ಬ್ಯಾರೆ ಏನೂ ಬರೂದಿಲ್ಲ. ಬ್ಯಾಂಡ ನಡಸೂ ಶಹಾಬುದ್ದೀನ ಕಾಕಾ ಕೆಟ್ಟಾಂವಲ್ಲ. 'ನೀ ಆರಾಮ ಆಗೂ ತನಕ ಅಣ್ಣಾ' ಅಂತ ಹೇಳಿ ಅಪ್ಪನ ಕೆಲಸ ಕೀಬೋರ್ಡಿನಾಂವನ ಎಡಗೈಗೆ ಹಚ್ಚ್ಯಾನ. ಬ್ಯಾಂಡಿನ ಗಾಡಿ ಲಗ್ನಕ್ಕ ಹೊಂಟಾಗ ಅಪ್ಪ ಹೊಸ್ತಿಲಕ್ಕ ಬಂದು ನಿಂದರತಾನ, ಆಮ್ಯಾಲ ಒಳಗ ಹೋಗಿ ಮಕ್ಕೋತಾನ. ಬೈಯೂದನ್ನೂ ಬಿಟ್ಟಾನ. ಸಾರಿಗೆ ಉಪ್ಪು ಹೆಚ್ಚಾದ್ರೂ ಸುಮ್ಮ ಉಣ್ತಾನ. ನನಗ ಅಂಜಿಕಿ ಹೊಕ್ಕಿದ್ದು ಅವತ್ತ.

ನೀ ಪುಣೆದಾಗ ಬಾಸ್ ಅಂತ ಬಾರಸ್ತೀಯಲ್ಲ, ಆಳೆತ್ತರದ್ದು, ನಿಂತ ಪಿಟೀಲಿನಂಥಾದ್ದು, ಅದರ ವಿಡಿಯೋ ಮೊನ್ನೆ ನೋಡಿದೆ. ಊದೂದಿಲ್ಲ, ಉಸಿರು ಬೇಕಾಗಿಲ್ಲ, ಬೆರಳಲೆ ತಂತಿ ಜಗ್ಗೂದು. ದನಿ ಕೇಳಿ ಮೈ ಜುಂ ಅಂತು. ಅಪ್ಪನ ವಾಜಾದ್ದ ದನಿ ಅದು. ಅಂವಗ ಇದು ಬರ್ತೈತೇನು? ಎಂಥಾದ್ದು ತಗೋಬೇಕು? ಸಾಲಿ ಅಕ್ಕೋರ ಪಗಾರಕ್ಕ ನಿಲುಕೂವಂಥಾದ್ದು ಇರ್ತೈತೇನು? ಫಾಲ್ಗುಣದ ಲಗ್ನಗಳ ಹೊತ್ತಿಗೆ ಅಪ್ಪ ತಯಾರಾದ್ರ ಜಾಗಾ ಅಂವಂದ, ಇಲ್ಲಂದ್ರ ಕೀಬೋರ್ಡಿನಾಂವನ್ನ ಕಾಯಂ ಮಾಡ್ತೇನಿ ಅಂತ ಶಹಾಬುದ್ದೀನ ಕಾಕಾ ಅಂದಾನ. ಅಪ್ಪಗ ಮೊದಲ ಗೊತ್ತಾದ್ರ ಬ್ಯಾಡ ಅಂತಾನ. ಮನಿಗೆ ಬಂದು ನಿಂತಮ್ಯಾಲ ಹ್ಯಾಂಗ ಬ್ಯಾಡ ಅಂತಾನ ನೋಡೇ ಬಿಡೋಣು.

ನಿನ್ನ
ಗುಲನಾಜ


ಪುಣೆ
೧೯ ಆಗಸ್ಟ್ ೨೦೨೪

ಗುಲ್ಲೂ,

ನಿನ್ನ ಕಾಗದ ಅಂಗಡ್ಯಾಗ ನಿಂತಕೊಂಡ ಓದಿದೆ. ಕೈಯಾಗ ಅಂಟು ಇತ್ತು, ಈ ಕಾಗದದ ಮೂಲಿಗೂ ಅಂಟೈತಿ, ತಪ್ಪು ತಿಳಕೋಬ್ಯಾಡ. ಬಾಗೇವಾಡಿಯಿಂದ ಇಲ್ಲಿಗೆ ಬಂದು ವಾಜಾ ರಿಪೇರಿ ಮಾಡಾಕ ಹತ್ತಿದಾಗಿಂದ ಎಷ್ಟೋ ಮಂದಿ 'ಯಾವ ಬಾಸ್ ತಗೊಳ್ಳಲಿ' ಅಂತ ಕೇಳ್ಯಾರ. ಬ್ಯಾಂಡಿನ್ಯಾಗ ಊದೂ ಮನಷ್ಯಾನ ಸಲುವಾಗಿ ಕೇಳಿದಾಕಿ ನೀನ ಮೊದಲು. ಎರಡು ದಿನ ತಲ್ಯಾಗ ಅದ ಓಡಾಕತ್ತೈತಿ.

ಬರ್ತೈತೇನು ಅಂತ ಕೇಳಿದಿ. ಬರ್ತೈತಿ. ಕಾಸಿಂ ಕಾಕಾನ ಕಿವಿಗೆ ತಳದ ದನಿ ಎಲ್ಲಿ ಬೀಳಬೇಕು ಅನ್ನೂದು ಗೊತ್ತೈತಿ. ಇಲ್ಲಿ ಕಲಿಯಾಕ ಬರೂವರಿಗೆ ಅದನ್ನ ಕಲಸೂದರಾಗ ವರ್ಷ ಹೋಗ್ತೈತಿ. ಬೆರಳಿಗೆ ಕಲಸೂದು ಅಷ್ಟ ಉಳದೈತಿ.

ಇದರಾಗ ಎರಡು ಜಾತಿ. ಒಂದು, ಇಡೀ ಕಟ್ಟಿಗಿ ಕೆತ್ತಿ ಹೊಟ್ಟಿ ಬೆನ್ನು ಮಾಡಿದ್ದು. ಇನ್ನೊಂದು ಪ್ಲಾಯಿದು, ಕಟ್ಟಿಗಿಯ ತೆಳ್ಳನ್ನ ಹಾಳಿ ಒಂದರ ಮ್ಯಾಲ ಒಂದು ಅಂಟಿಸಿ, ಅಚ್ಚಿನ್ಯಾಗ ಒತ್ತಿ ಬಾಗಿಸಿದ್ದು. ಇಡೀ ಕಟ್ಟಿಗೀದು ದನಿ ಆಳ, ಕಿಮ್ಮತ್ತೂ ಆಳ. ಆದ್ರ ನಿನ್ನ ನಸೀಬ ನೋಡು, ಇಲ್ಲೊಂದು ಚರ್ಚಿನವರು ತಮ್ಮ ಹಳೇ ಇಡೀ ಕಟ್ಟಿಗಿ ಬಾಸ್ ಕೊಡಾಕತ್ತಾರ. ಬಾರಿಸಾವರು ಯಾರೂ ಉಳದಿಲ್ಲಂತ. ಸೋವಿಯೊಳಗ ಬಿಟ್ಟು ಕೊಡ್ತಾರ. ನಿನ್ನೆ ಹೋಗಿ ಬಾರಿಸಿ ಬಂದೆ, ಬೆಣ್ಣಿ ಐತಿ ದನಿ.

ಕಾಕಾ ಎಷ್ಟು ಎತ್ತರ, ಕೈ ಹ್ಯಾಂಗದಾವ, ಬಾಸ್ ಎಲ್ಲಿ ನಿಂದರಸ್ತೀರಿ, ಎಲ್ಲಾ ಬಿಚ್ಚಿ ಬರಿ. ಲಗ್ನದ ವೇದಿಕಿ ಬಾಜು ನೆರಳಾಗ ಕುಂತು ಬಾರಸ್ತಾರಲ್ಲ? ಹಂಗಂತ ತಿಳದ ಇದನ್ನ ನೋಡೇನಿ.

ಸುಜಾತಾ


ಮುದ್ದೇಬಿಹಾಳ
೩೦ ಆಗಸ್ಟ್ ೨೦೨೪

ಸುಜಾತಾ,

ಚರ್ಚಿಂದು ಬಿಡಬ್ಯಾಡ. ಇಡೀ ಕಟ್ಟಿಗಿ ಅಂತ ಓದಿದ ಕೂಡಲೆ ಅದನ್ನ ಗಟ್ಟಿ ಮಾಡಿದೆ. ಇಂಡಿ ಕಡೆಯ ನಮ್ಮ ಸೋದರಮಾವಂದು ಒಂದ ಮಾತು, 'ಅಂಟಿಸಿದ್ದು ಮನುಷ್ಯಾಗೂ ಆಗೂದಿಲ್ಲ, ಕಟ್ಟಿಗಿಗೂ ಆಗೂದಿಲ್ಲ.' ಬ್ಯಾಂಡಿನ ಮಂದಿ ಮುಂದ ಅಪ್ಪ ತಲಿ ಎತ್ತಿ ನಿಂದರಬೇಕಂದ್ರ ಅಂಥಾದ್ದ ಇರಬೇಕು.

ನೆರಳು ಎಲ್ಲೀದವಾ? ಮೆರವಣಿಗಿ ಬ್ಯಾಂಡು ನಮ್ಮದು. ಒಂದು ಟೆಂಪೋ ಗಾಡಿ, ಅದರ ಮ್ಯಾಲ ಕೀಬೋರ್ಡು, ಎರಡು ಸ್ಪೀಕರು, ಜನರೇಟರು. ಊದಾವರು ಮುಂದ ನಡಕೋತ ಹೋಗ್ತಾರ, ಹಿಂದಿಂದ ಗಾಡಿ. ಅಪ್ಪಗ ನಡಿಯಾಕ ಆಗೂದಿಲ್ಲ, ಅದಕ್ಕ ಗಾಡಿ ಮ್ಯಾಲ ಕೀಬೋರ್ಡಿನ ಬಾಜು ಜಾಗಾ. ಕುರ್ಚಿ ಹಾಕಿಸಿ, ಬಾಸ್ ಹಗ್ಗಲೆ ಸರಳಿಗೆ ಕಟ್ಟೂದು ಅಂತ ಲೆಕ್ಕ ಹಾಕೇನಿ. ಇವತ್ತ ಸಿಂದಗಿ, ನಾಳೆ ಹಲಸಂಗಿ, ನಾಡದ್ದು ಇಂಗಳೇಶ್ವರ. ನಮ್ಮ ರಸ್ತೆ ಹ್ಯಾಂಗದಾವ ನೀ ಮರತಿಲ್ಲ ಅಂದಕೊಂಡೇನಿ. ಮಾರ್ಚ ಏಪ್ರಿಲ್ ಬಿಸಲಾಗ ಮಧ್ಯಾಹ್ನ ಎರಡಕ್ಕೂ ಮೆರವಣಿಗಿ ಇರ್ತೈತಿ.

ಅಪ್ಪ ನಿನಗಿಂತ ಒಂದು ಗೇಣು ಎತ್ತರ. ಕೈ ಬಗ್ಗೆ ಏನಂತ ಬರೀಲಿ? ದವಾಖಾನಿಯಿಂದ ಬಂದಾಗಿಂದ ಅಂವ ಹಿಂಜಿದ ಹತ್ತಿ ಆಗ್ಯಾನ. ನೀರಿನ ಕೊಡ ಮುಟ್ಟಾಕ ಬಿಡೂದಿಲ್ಲ ನಾ. ಮೆಟ್ಟಲಾ ಹತ್ತಬೇಕಾದ್ರ ಹಿಂದ ನಿಂದರತೇನಿ. ಅವ್ವ ಅಂತಾಳ, 'ಬುಟ್ಟ್ಯಾಗಿನ ಜೋಕುಮಾರನ ಹಂಗ ಹೊತಗೊಂಡು ತಿರಗತಿ ಅಪ್ಪನ್ನ.' ಅಂದ್ರ ಅನ್ನಲಿ. ಭಾಳ ಮೆತ್ತಗ ಬಾರಿಸೂವಂಗ ಮಾಡಿಸು.

ಗುಲನಾಜ


ಪುಣೆ
೧೦ ಸೆಪ್ಟೆಂಬರ್ ೨೦೨೪

ಗುಲ್ಲೂ,

ಚರ್ಚಿಂದು ಬ್ಯಾಡ. ಬ್ಯಾಡ ಅಂದ್ರ ಬ್ಯಾಡ. ಹೋಗಿ ಹೇಳಿ ಬಂದೇನಿ. ಟೆಂಪೋ ಗಾಡಿ ಮ್ಯಾಲ ಬಾರಿಸೂದು ಅಂತ ಮೊದಲ ಕಾಗದದಾಗ ಬರಿಯಾಕ ನಿನಗೇನಾಗಿತ್ತು? ನಾನೂ ಕೇಳಲಿಲ್ಲ, ಲಗ್ನದ ಬ್ಯಾಂಡ ಅಂದ್ರ ಇಲ್ಲಿನ ಹೋಟೇಲಿನ ಹಂಗ ಅಂದಕೊಂಡೆ. ಬಾಗೇವಾಡಿಯಾಕಿ ಆಗಿ ಹಂಗ ಅಂದಕೊಂಡೆ, ನನಗ ನಾನ ಬೈಕೊಂಡೇನಿ.

ಇಡೀ ಕಟ್ಟಿಗಿ ಹವಾ ನೋಡಿ ಹಿಗ್ಗತೈತಿ, ಕುಗ್ಗತೈತಿ. ನಮ್ಮ ಕಡೆ ಒಣ ಬಿಸಲಾಗ ಅದು ಖಡಕ ರೊಟ್ಟಿ ಹಂಗ ಸೀಳ್ತೈತಿ, ಮೊದಲನೇ ಏಪ್ರಿಲಿನ್ಯಾಗ. ಸೀಳಿದ್ದನ್ನ ಕೂಡಸಾಕ ನೀ ಮತ್ತ ಪುಣೆಕ್ಕ ಹೊತಗೊಂಡು ಬರಬೇಕು. ಪ್ಲಾಯಿದು ಹಂಗಲ್ಲ. ಒಂದು ಹಾಳಿಯ ಎಳಿ ಉದ್ದಕ್ಕ, ಅದರ ಮ್ಯಾಲಿಂದು ಅಡ್ಡಕ್ಕ. ಒಂದು ಸೀಳತೇನಿ ಅಂದ್ರ ಇನ್ನೊಂದು ಬಿಡೂದಿಲ್ಲ. ಮುಖ ಅಷ್ಟ ಇಡೀ ಕಟ್ಟಿಗಿ, ಉಳದದ್ದು ಪ್ಲಾಯಿ, ಹಂಥಾದ್ದೂ ಸಿಗತೈತಿ. ಸೀಳೂದು ಮುಖಾನ, ಅದಕ್ಕ ಅದೂ ನಿಮಗ ಬ್ಯಾಡ. ಪೂರಾ ಪ್ಲಾಯಿದ ಬೇಕು.

ಪ್ಲಾಯಿ ಅಂದ್ರ ಎಲ್ಲಾ ಒಂದ ಅಲ್ಲ. ಆನ್‌ಲೈನಿನ್ಯಾಗ ಎಲ್ಲಾಕಿಂತ ಸೋವಿ ಬರೂದು ನೋಡಿ ಮರಳಾಗಬ್ಯಾಡ. ಬೆರಳು ಒತ್ತೂ ಪಟ್ಟಿ ಇರ್ತೈತಲ್ಲ, ಅದರಾಗ ಮೆತ್ತನ್ನ ಕಟ್ಟಿಗಿಗೆ ಕರೇ ಬಣ್ಣ ಹೊಡದಿರ್ತಾರ, ಆರು ತಿಂಗಳದಾಗ ತಂತಿ ಕೊರದು ಗಟಾರ ಮಾಡ್ತಾವ. ಪಟ್ಟಿ ಖರೇನ ಕರೇ ಗಟ್ಟಿ ಕಟ್ಟಿಗೀದ ಇರಬೇಕು. ಕುತ್ತಿಗಿ ಮೈಗೆ ಕೂಡೂ ಸಂದು ಬಿಗಿ ಇರಬೇಕು. ತಂತಿ ಹೊತ್ತು ನಿಂದರೂ ಕುದರಿಗೆ ಏರಿಸಿ ಇಳಿಸೂ ತಿರುಪು ಇದ್ರ ಭಾಳ ಚಲೋ. ಮೈಯ ಹೊಳಪು ನೋಡೂದು ಕಡೀಕ. ಇಲ್ಲೊಂದು ಸಂಗೀತ ಸಾಲಿಯವರು ಕಲಿಯೂವರ ಸಲುವಾಗಿ ಇಟ್ಟಿದ್ದ ಹಳೇ ಪ್ಲಾಯಿ ಬಾಸ್ ತಗೀತಾರ. ಮೈತುಂಬ ಗೀರು ಬಿದ್ದಾವ, ಸಂದು ಎಲ್ಲಾ ಗಟ್ಟಿ. ಅದನ್ನ ತಗೋ. ಮೆತ್ತನ್ನ ತಂತಿ ಹಾಕಿ, ಕುದರಿ ಕೆಳಗ ಇಳಿಸಿ, ಕಾಕಾಗ ಒಂಚೂರೂ ತ್ರಾಸ ಆಗಲಾರದಂಗ ಮಾಡಿ ಕೊಡ್ತೇನಿ.

ಸುಜಾತಾ


ಮುದ್ದೇಬಿಹಾಳ
೧೪ ಅಕ್ಟೋಬರ್ ೨೦೨೪

ಸುಜಾತಾ,

ತಿಂಗಳ ಮ್ಯಾಲಾತು ಉತ್ತರ ಬರೀಲಿಲ್ಲ ಅಂತ ಸಿಟ್ಟಾಗಿದ್ರ ಆಗು, ನಾನೂ ಆಗೇನಿ.

ನಿನ್ನ ಕಾಗದ ಬಂದ ದಿನಾನ ನಮ್ಮ ಓಣಿ ಬಡಿಗೇರನ ಕೇಳಿದೆ, ಪ್ಲಾಯಿಲೆ ವಾಜಾ ಮಾಡ್ತಾರೇನು ಅಂತ. ಅಂವ ನಕ್ಕ. 'ಪ್ಲಾಯಿಲೆ ಕಪಾಟ ಮಾಡ್ತಾರ ಅಕ್ಕೋರ, ಅದೂ ಬಾಡಿಗಿ ಮನಿಗೆ' ಅಂದ. ಮೊದಲ ಬೆಣ್ಣಿಯಂಥಾ ದನಿ ಅಂದಿ. ಟೆಂಪೋ ಮ್ಯಾಲ ಬಾರಿಸೂ ಮಂದಿ ಅಂತ ಗೊತ್ತಾದ ಕೂಡಲೆ ಕಪಾಟಿಗೆ ಇಳದಿ, ಅದೂ ಗೀರು ಬಿದ್ದದ್ದು. ಇವರಿಗೆ ಇಷ್ಟ ಸಾಕು ಅಂತ ನಿನಗೂ ಅನಿಸಿತೇನು? ಖರೇ ಹೇಳು, ನೀ ಬಾರಿಸೂದು ಯಾವುದು?

ಗುಲನಾಜ


ಪುಣೆ
೨೧ ಅಕ್ಟೋಬರ್ ೨೦೨೪

ಗುಲನಾಜ,

ಪ್ಲಾಯಿ.

ನಾ ವಾರಕ್ಕ ಎರಡು ಸಲ ಹೋಟೇಲಿನ ಹುಲ್ಲಿನ ಮ್ಯಾಲ ನಿಂತು ಬಾರಿಸೂದು ಪ್ಲಾಯಿದ. ವಿಡಿಯೋ ನೋಡಿ ಮೈ ಜುಂ ಅಂತು ಅಂದ್ಯಲ್ಲ, ಅದ ಕಪಾಟು. ಇಡೀ ಕಟ್ಟಿಗೀದು ನನ್ನ ಹತ್ರ ಇಲ್ಲ. ಅಂಥಾದ್ದು ಇದ್ದ ದೊಡ್ಡ ಬಾರಿಸಾವರೂ ಬಯಲಿನ ಲಗ್ನಕ್ಕ ಅದನ್ನ ತರೂದಿಲ್ಲ, ಮನ್ಯಾಗ ಬಿಟ್ಟು ಪ್ಲಾಯಿದು ತರ್ತಾರ. ದುಡಿಯೂ ವಾಜಾ ಬ್ಯಾರೆ, ಹಾಸಿಗ್ಯಾಗ ಮಲಗಸೂ ವಾಜಾ ಬ್ಯಾರೆ. ಕಾಸಿಂ ಕಾಕಾ ದುಡಿಯೂ ಮನಷ್ಯಾ ಅಂತ ತಿಳದ ಹೇಳಿದ್ದು. ನೀ ಅದನ್ನ ತಿರವಿ ಹಾಕಿದಿ.

ಸುಳ್ಳು ಹೇಳೂದಿಲ್ಲ. ಚರ್ಚಿಂದಕ್ಕ ಇದ್ದ ಆಳ ಇದಕ್ಕಿಲ್ಲ. ಉದ್ದಕ್ಕ ಗುಂಯ್ ಅಂತ ಉಳಿಯೂ ದನಿ ಕಡಿಮಿ. 'ಧಂ' ಅಂತ ಬಿದ್ದು ನಿಂದರತೈತಿ. ಮೆರವಣಿಗ್ಯಾಗ ನಿಮಗ ಬೇಕಾದ್ದು ಆ ಧಂ. ನಿಮ್ಮ ಬ್ಯಾಂಡಿನ ಗಾಡಿ ಮ್ಯಾಲ ಸ್ಪೀಕರ ಅದಾವಲ್ಲ, ಅವುಗಳ ಪೆಟಿಗಿ ಯಾವ ಕಟ್ಟಿಗೀದು ಅಂತ ಹೋಗಿ ನೋಡು. ಬಾರಿಸೂವಾಗ ಅದರ ಬೆನ್ನ ಮ್ಯಾಲ ಅಂಗೈ ಇಡು. ಆಮ್ಯಾಲ ನಿಮ್ಮ ಬಡಿಗೇರನ್ನೂ ಕರಕೊಂಡು ಹೋಗಿ ಇಡಸು.

ನನಗ ಬ್ಯಾಸರ ಆಗೇತಿ. ಆದ್ರೂ ಆ ಬಾಸ್ ಯಾರಿಗೂ ಕೊಡಬ್ಯಾಡ್ರಿ ಅಂತ ಹೇಳಿ ಇಟ್ಟೇನಿ.

ಸುಜಾತಾ


ಮುದ್ದೇಬಿಹಾಳ
೨ ನವೆಂಬರ್ ೨೦೨೪

ಸುಜಿ,

ಸ್ಪೀಕರಿನ ಪೆಟಿಗೀನೂ ಪ್ಲಾಯಿದ, ಅಂಗೈ ಇಟ್ಟು ನೋಡಿದೆ. ಧಂ ಅನ್ನೂದು ಮೊಣಕೈ ತನಕ ಏರಿತು. ಬಡಿಗೇರ ಎರಡೂ ಕೈ ಇಟ್ಟ, ಆಮ್ಯಾಲ ಪೆಟಿಗಿ ಮಾಡಿದಾಂವ ಯಾರು ಅಂತ ಕೇಳಿದ.

ನನ್ನ ಬಾಯಿ ಭಾಳ ಆತು. ಕಳಸು. ದುಡ್ಡು ಹಾಕೇನಿ.

ಗುಲನಾಜ


ಪುಣೆ
೨೪ ನವೆಂಬರ್ ೨೦೨೪

ಗುಲ್ಲೂ,

ಬಾಸ್ ನಿನ್ನೆ ಟ್ರಾನ್ಸಪೋರ್ಟಿಗೆ ಹಾಕೇನಿ. ಹಳೇ ಗಾದಿ ಸುತ್ತೇನಿ, ಪೆಟಿಗಿ ನೋಡಿ ಮಂದಿ ಯಾರದ ಹೆಣ ಬಂತು ಅನಬಹುದು, ಅಂಜಬ್ಯಾಡ. ಈ ಕಾಗದ ಅದಕ್ಕಿಂತ ಮೊದಲ ಮುಟ್ಟತೈತಿ.

ಒಳಗ ಒಂದು ಸಣ್ಣ ಕಂಬ ನಿಂತಿರ್ತೈತಿ, ಅಂಟು ಹಚ್ಚಿಲ್ಲ, ಒತ್ತಿ ನಿಂದರಿಸಿದ್ದು. ಅದು ಬಿದ್ರ ತಂತಿ ಸಡಲ ಮಾಡಿ ನನಗ ಫೋನ ಮಾಡು, ಈಗ ಗುಟ್ಟು ಏನಿದ್ರೂ ಮುಗೀತಲ್ಲ. ದಪ್ಪ ತಂತಿ ಮನಷ್ಯಾನ ಮುಖದ ಕಡೆ ಬರೂವಂಗ ನಿಂದರಿಸಿಕೋಬೇಕು. ಮೈಗೆ ಒರಗಿಸಬೇಕು, ಅಪ್ಪಿಕೋಬಾರದು. ಕಾಕಾ ಅಪ್ಪಿಕೊಂಡ ಊದಿದಾಂವ, ಮೊದಲ ದಿನ ಮರಿತಾನ.

ತಂತಿ ಪಟ್ಟಿಗೆ ಹತ್ತಿದಂಗ ಇಳಿಸೇನಿ. ಹೂವು ಮುಟ್ಟಿದಂಗ ಮುಟ್ಟಿದ್ರ ನುಡಿತೈತಿ. ಆ ಕಾಯಿಲೆ ಮನಷ್ಯಾಗ ಇದಕ್ಕಿಂತ ಹಗರ ಮಾಡಾಕ ಆಗೂದಿಲ್ಲ. ಅಂವ ಮೊದಲ ಸಲ ನೋಡಿದಾಗ ಏನಂದ ಅಂತ ಅಕ್ಷರಾ ಬಿಡಲಾರದಂಗ ಬರಿ. ನನಗ ಇಲ್ಲಿ ಕುಂತು ತಡಿಯಾಕ ಆಗವಲ್ದು.

ಸುಜಾತಾ


ಮುದ್ದೇಬಿಹಾಳ
೯ ಡಿಸೆಂಬರ್ ೨೦೨೪

ಸುಜಿ,

ಫೋನ ಮಾಡು ಅಂದಿದ್ದಿ. ಮಾಡಿದ್ರ ಅಳತೇನಿ, ಅದಕ್ಕ ಬರಿಯಾಕತ್ತೇನಿ.

ಬಾಸ್ ಬಂದ ದಿನ ಅಪ್ಪ ಅದರ ಹತ್ರ ಬಂದ. ಸುತ್ತ ಒಂದು ಸುತ್ತು ಹಾಕಿದ. ಬೆನ್ನ ಮ್ಯಾಲ ಬೆರಳಲೆ ಬಡದ. ಮುಖದ ಮ್ಯಾಲಿನ ಆ ಎರಡು ತೂತಿನ್ಯಾಗ ಮೂಗಿಟ್ಟು ವಾಸನಿ ನೋಡಿದ. ಅವ್ವ ಬಾಗಲದಾಗ ನಿಂತು ಸೆರಗು ಬಾಯಿಗೆ ಹಚ್ಚಿದ್ಲು. ನನಗ ಒಳಗ ಹಬ್ಬ. ಆಮ್ಯಾಲ ಅಂವ ತಂತಿ ಜಗ್ಗಿದ. ಚಟ್ ಅಂತ ಪಟ್ಟಿಗೆ ಬಡದು ಕೆಟ್ಟ ಸಪ್ಪಳಾತು. ಮತ್ತ ಜಗ್ಗಿದ, ಮತ್ತ ಹಂಗ. 'ಮೆತ್ತಗ ಅಪ್ಪಾ, ಮೆತ್ತಗ' ಅಂದೆ. 'ಮೆತ್ತಗ ಬಾರಿಸಿದ್ರ ಗಾಡಿ ಮ್ಯಾಲಿಂದ ಯಾರಿಗೆ ಕೇಳ್ತೈತಿ? ವಾಜಾ ಸಡಲಾಗೇತಿ' ಅಂದು ಹೊರಗ ಹ್ವಾದ.

ಮರುದಿನ ನಾ ಸಾಲ್ಯಾಗಿದ್ದೆ. ನಿನಗ ಗೊತ್ತಲ್ಲ, ಮೆರವಣಿಗಿ ಸುರು ಆಗೂ ಮುಂದ ಬ್ಯಾಂಡಿನವರು ಏನು ಮಾಡ್ತಾರ? ಹುಲ್ಲು ಕಾಗದ ಹಚ್ಚಿ ಹಲಗಿ ಕಾಸ್ತಾರ. ಸಡಲಾದ ಚರ್ಮ ಬಿಗೀತೈತಿ. ಅಪ್ಪ ಹುಟ್ಟಿದಾಗಿಂದ ನೋಡಿದ್ದು ಅದನ್ನ. ಅಂಗಳದಾಗ ತೊಗರಿ ಕಟ್ಟಿಗಿ ಹಚ್ಚಿ, ಬಾಸ್ ಅಡ್ಡ ಹಾಕಿ, ಮೊದಲ ಹೊಟ್ಟಿ, ಆಮ್ಯಾಲ ಬೆನ್ನು, ಚಂದಂಗ ಕಾಸ್ಯಾನ. ನಾ ಬರೂದರಾಗ ಕೆಳಗಿನ ಬಾಗಿದಲ್ಲಿ, ಮುಖ ಮತ್ತ ಪಕ್ಕಡಿ ಕೂಡೂ ಕಡೆ, ಬಾಯಿ ಬಿಟ್ಟಿತ್ತು. ಕಿರುಬೆರಳು ಹೋಗ್ತೈತಿ.

ಅಪ್ಪ ಅದರ ಬಾಜು ಕುಂತಿದ್ದ. ಬೈಲಿಲ್ಲ ನಾ. ಅಂವ ಕೇಳಿದ, 'ಆ ಸುಜಾತಾಗ ನನ್ನ ಬಗ್ಗೆ ಏನಂತ ಬರದಿದ್ದಿ?' ಸುಳ್ಳು ಹೇಳಾಕ ಬರಲಿಲ್ಲ, ಹೇಳಿದೆ. ಹಿಂಜಿದ ಹತ್ತಿ ಅಂದದ್ದೂ ಹೇಳಿದೆ. ಅಂವ ಅಂದ, 'ಹಂಗಾದ್ರ ಆಕೀದು ತಪ್ಪಿಲ್ಲ. ಇದು ಬ್ಯಾನಿ ಮನಷ್ಯಾಗ ಮಾಡಿದ ವಾಜಾ. ಬಾರಿಸಾಂವಗಲ್ಲ.' ಅವತ್ತಿಂದ ನನ್ನ ಜೋಡಿ ಮಾತಿಲ್ಲ.

ಹೊಳ್ಳಿ ಕಳಸ್ತೇನಿ ಸುಜಿ. ಅಂವನ್ನ ಎಬ್ಬಸಾಕ ಹೋಗಿ ನಾನ ಮಲಗಿಸಿದೆ.

ಗುಲನಾಜ


ಪುಣೆ
೧೬ ಡಿಸೆಂಬರ್ ೨೦೨೪

ಗುಲ್ಲೂ,

ಮೊದಲ ಕಣ್ಣೀರು ಒರಸಿಕೊಂಡು ಓದು. ವಾಜಾ ಸತ್ತಿಲ್ಲ.

ಕಾಗದ ಓದಿ ನಾ ಮೊದಲ ಎದಿ ಹಿಡಕೊಂಡೆ, ಆಮ್ಯಾಲ ನಕ್ಕೆ, ಸಿಟ್ಟಾಗಬ್ಯಾಡ. ಆ ಸಂದಿಗೆ ಬೇಕಂತನ ಹಗರ ಅಂಟು ಹಚ್ಚಿರ್ತಾರ. ಜುಲುಮಿ ಆದ್ರ ಸಂದು ಬಿಚ್ಚಬೇಕು, ಮೈ ಸೀಳಬಾರದು ಅಂತ. ಅದು ತನ್ನ ಕೆಲಸ ಮಾಡೈತಿ. ಚರ್ಚಿಂದನ್ನ ಹಂಗ ಬೆಂಕಿಗೆ ಹಿಡದಿದ್ರ ಹೊಟ್ಟಿ ನಡುವ ಸೀಳಿ ಎರಡಾಗ್ತಿತ್ತು. ಹಾಳಿ ಎಲ್ಲರೆ ಉಬ್ಬ್ಯಾವೇನು ಅಂತ ಬೆರಳಿನ ಗೆಣ್ಣಿಲೆ ಬಡದು ನೋಡು. ಟೊಳ್ಳ ಸಪ್ಪಳ ಬರಲಿಲ್ಲಂದ್ರ ಏನೂ ಆಗಿಲ್ಲ. ಇದರ ಜೋಡಿ ಒಂದು ಪುಡಿ ಕಳಿಸೇನಿ, ಚರ್ಮ ಕುದಿಸಿ ಮಾಡಿದ ಹಳೇ ನಮೂನಿ ಅಂಟು. ಬಿಸಿ ನೀರಾಗ ಕರಗಿಸಿ ತೆಳ್ಳಗ ಹಚ್ಚಿ, ಒತ್ತಿ ಕಟ್ಟಿ, ಒಂದಿನ ಮುಟ್ಟಬ್ಯಾಡ್ರಿ. ಬಡಿಗೇರನ ಬಿಳೇ ಅಂಟು ಮಾತ್ರ ಬ್ಯಾಡ, ಅದು ಮತ್ತೊಮ್ಮೆ ಬಿಚ್ಚೂದಿಲ್ಲ.

ಈಗ ಖರೇ ಮಾತಿಗೆ ಬರ್ತೇನಿ. ತಂತಿ ಪಟ್ಟಿಗೆ ಬಡದ್ವು ಅಂದಿ. ಪುಣೆದಾಗ ನಾ ಕೈ ಸೋಲೂ ತನಕ ಜಗ್ಗಿ ನೋಡಿದಾಗ ಬಡದಿರಲಿಲ್ಲ. ಹಂಗಾದ್ರ ಕಾಕಾ ಎಷ್ಟು ಜೋರಿಲೆ ಜಗ್ಗಿರಬೇಕು? ಅವರ ಪುಪ್ಪುಸ ಸೋತೈತಿ. ಕೈ ಯಾವಾಗ ಸೋತ್ವು? ನೀ ನನಗ ಯಾರ ಬಗ್ಗೆ ಬರದಿ? ನಾನೂ ಎರಡನೇ ಮಾತು ಕೇಳದ ಯಾರ ಸಲುವಾಗಿ ತಂತಿ ಹಾಕಿದೆ?

ಅವರ ಬಲಗೈ ಒಂದು ಹಾಳಿ ಮ್ಯಾಲ ಇಡಿಸಿ, ಸುತ್ತ ಪೆನ್ಸಿಲಿಲೆ ಗೆರಿ ಎಳದು ಕಳಸು. ಎಡಗೈದೂ. ಬೆರಳು ಅಗಲಿಸಿದಾಗ ತೋರಬೆರಳಿಂದ ಕಿರುಬೆರಳ ತನಕ ಎಷ್ಟು ಬರ್ತೈತಿ ಬರಿ. ನೀ ಅಂದಾಜು ಬರೀಬ್ಯಾಡ, ಅವರ ಕೈನ ಕಳಸು.

ಸುಜಾತಾ


ಮುದ್ದೇಬಿಹಾಳ
೨ ಜನವರಿ ೨೦೨೫

ಸುಜಿ,

ಇದರ ಜೋಡಿ ಎರಡು ಹಾಳಿ ಅದಾವ, ಮಡಿಕಿ ಬಿಚ್ಚಿ ನೋಡು. ಬಲಗೈ ಹಾಳಿ ತುಂಬಿ ಹೊರಗ ಹೋಗೇತಿ, ಹೆಬ್ಬೆರಳಿಗೆ ಜಾಗಾ ಸಾಲಲಿಲ್ಲ.

ನಿನ್ನ ಕಾಗದಾನ ಅಂವನ ಕೈಯಾಗ ಕೊಟ್ಟೆ. ಎರಡು ಸಲ ಓದಿದ. 'ಇದು ನನ್ನ ಕೈ ಯಾಕ ಕೇಳ್ತೈತಿ?' ಅಂದ. ಇದು ಅಂದ್ರ ನೀ. ಮಾತು ಬಿಟ್ಟಮ್ಯಾಲ ನನಗ ಆಡಿದ ಮೊದಲ ಮಾತು. ಗೊತ್ತಿಲ್ಲ ಅಂದೆ. ಕೈ ಹಾಳಿ ಮ್ಯಾಲ ಇಟ್ಟ. ನಾ ಗೆರಿ ಎಳಕೋತ ಹೋದಂಗ ನೋಡೇ ನೋಡಿದ. ಹ್ವಾದ ವರ್ಷ ನಾ ಆ ಕೈ ಹಿಡದದ್ದೆಲ್ಲ ನಾಡಿ ನೋಡಾಕ, ಎಬ್ಬಸಾಕ. ಎಷ್ಟು ದೊಡ್ಡದೈತಿ ಅಂತ ನೋಡಿರಲಿಲ್ಲ.

ಅಂಟು ಅಂವನ ಹಚ್ಚಿದ. ಬಡಿಗೇರ ಒತ್ತಿ ಹಿಡಿಯೂ ಶಿಕಂಜಿ ತರ್ತೇನಿ ಅಂದ್ರ ಬ್ಯಾಡಂದ, ಡೋಲಿನ ಹಗ್ಗ ತಗೊಂಡು ಡೋಲು ಬಿಗಿದಂಗ ಸುತ್ತ ಬಿಗದ. ಕೂಡೈತಿ. ಬಡದು ನೋಡೇವಿ, ಎಲ್ಲೂ ಟೊಳ್ಳಿಲ್ಲ.

ಈಗ ಅಂವ ಕೇಳಿದ್ದು, ಅಂವ ಹೇಳಿದಂಗ ಬರದೇನಿ. ಪಟ್ಟಿ ಮ್ಯಾಲ ಗುರ್ತಾನ ಇಲ್ಲ, ಪಂಚಮ ಎಲ್ಲೈತಿ ಅಂತ ಹ್ಯಾಂಗ ತಿಳೀಬೇಕು? ನಿನ್ನ ಬೆರಳಿಗೆ ಬೊಬ್ಬಿ ಬಂದಿದ್ವೇನು, ಎಷ್ಟು ದಿನ? ಗಾಡಿ ಕುಣಿದಾಗ ಕಂಬ ಬೀಳೂದಿಲ್ಲೇನು? ಕಾಸೂದು ತಪ್ಪು, ಆತು, ಹಂಗಾದ್ರ ಚಳಿಗೆ ದನಿ ಇಳದಾಗ ಏನು ಮಾಡಬೇಕು? ಇನ್ನೂ ಅದಾವ, ನಾ ಸಾಕು ಅಂದೆ. ನಿನ್ನೆ ಅವ್ವಗ ಅಂತಿದ್ದ, ಆ ಹುಡಿಗಿಗೆ ಬುದ್ಧಿ ಐತಿ, ಗುಲನಾಜನ ಮಾತು ಕೇಳಿ ಕೆಟ್ಟಿತು ಅಂತ.

ಗು.


ಪುಣೆ
೧೧ ಜನವರಿ ೨೦೨೫

ಕಾಸಿಂ ಕಾಕಾರಿಗೆ ಸುಜಾತಾ ಮಾಡೂ ನಮಸ್ಕಾರ.

ಕಾಕಾ, ನಿಮ್ಮ ಕೈ ಅಂಗಡ್ಯಾಗ ಗ್ವಾಡಿಗೆ ಹಚ್ಚೇವ್ರಿ. ನಮ್ಮ ಮಾಲಕರು ತಮ್ಮ ಕೈ ಅದರ ಮ್ಯಾಲ ಇಟ್ಟು ನೋಡಿ, ಆ ಕೈನ ಹೊಳ್ಳಿ ಕಿಸೆದಾಗ ಇಟಕೊಂಡ್ರು.

ಗಟ್ಟಿ ತಂತಿ ನಾಕು, ದಪ್ಪಂದು ಒಂದು ಕುದರಿ ಕಳಿಸೇನ್ರಿ. ಕುದರಿಯ ತಿರುಪು ಗುಲನಾಜಗ ಮುಟ್ಟಾಕ ಬಿಡಬ್ಯಾಡ್ರಿ. ನೀವು ಜಗ್ಗಿದಾಗ ಚಟ್ ಅನ್ನೂದು ನಿಂದರೂ ತನಕ ನೀವ ಏರಸ್ರಿ, ಅಲ್ಲಿಗೆ ಬಿಡ್ರಿ. ಪಂಚಮ ಕಣ್ಣಿಗೆ ಸಿಗೂದಿಲ್ರಿ, ಕಿವಿಗೆ ಸಿಗತೈತಿ. ಮೊದಲ ಎಂಟು ದಿನ ಬೇಕಾದ್ರ ಪಟ್ಟಿಗೆ ದಾರ ಕಟ್ಟಿಕೊಳ್ರಿ, ಆಮ್ಯಾಲ ಬಿಚ್ರಿ. ಬೊಬ್ಬಿ ನನಗ ಎರಡು ತಿಂಗಳ ಬಂದಿದ್ವು. ಒಡೀಬ್ಯಾಡ್ರಿ, ಗಟ್ಟಿ ಆಗ್ತಾವ. ತಂತಿ ಬಿಗಿ ಇದ್ರ ಕಂಬ ಬೀಳೂದಿಲ್ರಿ. ಚಳಿಗೆ ದನಿ ಇಳದ್ರ ತಂತಿ ಸುತ್ತಿದ ಮ್ಯಾಲಿನ ಕಿವಿ ಹಿಂಡ್ರಿ, ಮಗಳದೂ ಒಂದೀಟು ಹಿಂಡ್ರಿ.

ನಿಮ್ಮ ಸುಜಾತಾ


ಮುದ್ದೇಬಿಹಾಳ
೧೨ ಮಾರ್ಚ್ ೨೦೨೫

ಸುಜಿ,

ಮೊನ್ನೆ ಮಸೂತಿ ಊರಾಗ ಲಗ್ನ ಇತ್ತು. ನಾ ಸಾಲಿಗೆ ರಜಾ ಹಾಕಿ, ಅವ್ವನ್ನ ಕರಕೊಂಡು ಟಂಟಂ ಆಟೋದಾಗ ಹ್ವಾದೆ. ಅಪ್ಪ ಬರಬ್ಯಾಡ ಅಂದಿದ್ದ. ಹ್ವಾದೆ.

ಎರಡು ತಿಂಗಳ ಮನ್ಯಾಗ ನಿದ್ದಿ ಇದ್ದಿಲ್ಲ. ಮುಂಜಾನೆದ್ದು ಧಂ, ಊಟಕ್ಕ ಮೊದಲ ಧಂ. ಬಾಜು ಮನಿ ರಾಮವ್ವ ಬಂದು, 'ಗ್ವಾಡಿ ಕೂಡ ನಮ್ಮ ರೊಟ್ಟಿ ಹಂಚೂ ನಡಗತೈತಿ ಕಾಸಿಂಸಾಬ' ಅಂದ್ಲು. ಅಂವಗ ಅದು ಹೊಗಳಿದಂಗಾತು. ಹಾಡು ತಪ್ಪಿದಾಗ ಎದ್ದು ಹೋಗ್ತಿದ್ದ, ಮತ್ತ ಬಂದು ಹಿಡೀತಿದ್ದ. ಶಹಾಬುದ್ದೀನ ಕಾಕಾ ಎರಡು ಸಲ ಬಂದು ಕೇಳಿ ಹ್ವಾದ, ಹೌದು ಅನಲಿಲ್ಲ, ಇಲ್ಲ ಅನಲಿಲ್ಲ. ಕೀಬೋರ್ಡಿನಾಂವಗ ಎರಡೂ ಕೈಲೆ ತಯಾರಾಗೇ ಬಾ ಅಂತ ಹೇಳಿ ಇಟ್ಟಿದ್ದ. ನನಗ ಅದು ಗೊತ್ತಿತ್ತು, ಅಪ್ಪಗ ಹೇಳಿರಲಿಲ್ಲ.

ಗಾಡಿ ಮ್ಯಾಲ ನಾ ಹೇಳಿ ಹಾಕಿಸಿದ ಕುರ್ಚಿ ಇತ್ತು. ಅಪ್ಪ ಹತ್ತಿದ ಕೂಡಲೆ ಅದನ್ನ ಎತ್ತಿ ಕೆಳಗ ಇಳಿಸಿದ. ನಾ ಬಾಯಿ ತಗದೆ, ಅವ್ವ ನನ್ನ ತೊಡಿ ಚಿವುಟಿದ್ಲು. ಅಂವ ಬೆನ್ನು ಸರಳಿಗೆ ಕೊಟ್ಟು ನಿಂತ. ಮಧ್ಯಾಹ್ನದ ಬಿಸಲು, ಗಾಡಿ ತಗಡು ಮುಟ್ಟಿದ್ರ ಕೈ ಸುಡತಿತ್ತು. ನನಗ ವಾಜಾದ ಚಿಂತಿ ಇದ್ದಿಲ್ಲ, ಅಂವನ ಎದಿ ಏರಿ ಇಳಿಯೂದನ್ನ ಅಷ್ಟ ನೋಡಾಕತ್ತಿದ್ದೆ.

ಊದಾವರು ಸುರು ಮಾಡಿದ್ರು. ಮೊದಲನೇ ಹಾಡಿನ್ಯಾಗ ಅಪ್ಪ ಎರಡು ಕಡೆ ತಡಾ ಆದ. ಕೀಬೋರ್ಡಿನಾಂವ ಎಡಗೈಲೆ ಅದ ತಳದ ದನಿ ತಾನೂ ಬಾರಸ್ತಿದ್ದ, ಎರಡೂ ಕೂಡಿ ಕಲಸುಮೇಲೋಗರ ಆತು. ಶಹಾಬುದ್ದೀನ ಕಾಕಾ ತಿರುಗಿ ನೋಡಿದ. ಎರಡನೇದರಾಗ ಓಣಿ ತಿರುವು ಬಂತು, ಗಾಡಿ ಕಲ್ಲಿನ ಮ್ಯಾಲ ಹತ್ತಿ ಇಳೀತು, ಎಲ್ಲಾರ ತಾಳ ಒಂದು ಗಳಗಿ ಹಾರಿತು. ಅಪ್ಪಂದು ಹಾರಲಿಲ್ಲ. ಅಂವ ಧಂ ಅಂತ ಇಟ್ಟದ್ದರ ಮ್ಯಾಲ ಮುಂದಿನವರು ಒಬ್ಬೊಬ್ಬರ ಬಂದು ನಿಂತ್ರು. ಕೀಬೋರ್ಡಿನಾಂವ ಅಪ್ಪನ ಮುಖ ನೋಡಿದ, ಎಡಗೈ ಎತ್ತಿ ತೊಡಿ ಮ್ಯಾಲ ಇಟಗೊಂಡ. ಮೆರವಣಿಗಿ ಮುಗಿಯೂ ತನಕ ಅದನ್ನ ಹೊಳ್ಳಿ ತಗೀಲಿಲ್ಲ. ಶಹಾಬುದ್ದೀನ ಕಾಕಾ ಆಮ್ಯಾಲ ಒಮ್ಮೆನೂ ತಿರುಗಿ ನೋಡಲಿಲ್ಲ.

ನಾ ಅತ್ತೆ ಸುಜಿ. ಬಿಸಲಾಗ ಯಾರಿಗೂ ಗೊತ್ತಾಗಲಿಲ್ಲ.

ಮಂಟಪದ ಮುಂದ ಗಾಡಿ ನಿಂತಾಗ ಅಪ್ಪ ಬೆವರಿನ್ಯಾಗ ತೊಯ್ದಿದ್ದ, ಬಾಯಿಲೆ ಉಸಿರು ಬಿಡತಿದ್ದ. ನಾ ಮಂದಿನ ಸರಿಸಿ ಓಡಿ ಹೋಗಿ ಗಾಡಿ ಹಿಂದ ನಿಂತು, ಇಳಸಾಕ ಎರಡೂ ಕೈ ಮ್ಯಾಲ ಚಾಚಿದೆ.

ಅಂವ ನನ್ನ ಕೈ ನೋಡಿದ. ಬಾಸಿನ ಹಗ್ಗ ಬಿಚ್ಚಿ, ಅದರ ಕುತ್ತಿಗಿ ತಂದು ನನ್ನ ಕೈಯಾಗ ಕೊಟ್ಟ. 'ನನ್ನ ಹಿಡೀಬ್ಯಾಡ' ಅಂದ, 'ಇದನ್ನ ಹಿಡಿ.'

ಆಮ್ಯಾಲ ತಾನ ಇಳದ.

ಗುಲನಾಜ